ಕಾಂಕ್ರೀಟಿನ ನಾಡಿ: ಒಂದೇ ಅಳತೆ ಸಾಕೇ?

ಕಾಂಕ್ರೀಟನ್ನು ಒಡೆಯದೆ ಪರೀಕ್ಷಿಸುವ ವಿಧಾನಗಳಲ್ಲಿ ಶ್ರವಣಾತೀತ ಸ್ಪಂದವೇಗ ಪರೀಕ್ಷೆಗೆ ದೊಡ್ಡ ಹೆಸರಿದೆ. ಕಂಬದ ಒಂದು ಮುಖಕ್ಕೆ ಗ್ರೀಸ್ ಸವರಿ ಪ್ರೇಷಕವನ್ನೂ ಎದುರು ಮುಖಕ್ಕೆ ಗ್ರಾಹಕವನ್ನೂ ಒತ್ತಿ ಹಿಡಿದರೆ, ಸುಮಾರು 50 ಕಿಲೋಹರ್ಟ್ಸ್ ಆವೃತ್ತಿಯ ಸ್ಪಂದ ದಾಟಿಹೋಗಲು ಹಿಡಿದ ಕಾಲ ಮೈಕ್ರೊಸೆಕೆಂಡುಗಳಲ್ಲಿ ಸಿಗುತ್ತದೆ. ದೂರವನ್ನು ಕಾಲದಿಂದ ಭಾಗಿಸಿದರೆ ವೇಗ ಬಂತು. ಭಾರತೀಯ ಮಾನಕ ಬ್ಯೂರೊ 1992ರಲ್ಲಿ ಹೊರತಂದ ಐ.ಎಸ್. 13311 (ಭಾಗ 1) ಈ ವೇಗಕ್ಕೆ ದರ್ಜೆಗಳನ್ನು ಕೊಟ್ಟಿತು. ಸೆಕೆಂಡಿಗೆ 4.5 ಕಿ.ಮೀ.ಗಿಂತ ಹೆಚ್ಚಾದರೆ ಅತ್ಯುತ್ತಮ, 3.5ರಿಂದ 4.5 ಉತ್ತಮ, 3.0ರಿಂದ 3.5 ಸಾಧಾರಣ, ಅದಕ್ಕೂ ಕಡಿಮೆಯಾದರೆ ಸಂದೇಹಾಸ್ಪದ. ಯಂತ್ರ ಒಳ್ಳೆಯದೇ. ಈ ಪಟ್ಟಿಯನ್ನು ರಾಸಾಯನಿಕ ಸವೆತದ ತೀರ್ಪಿಗೂ ಬಳಸುವುದು ನನ್ನ ತಕರಾರು.

ಮಾಯಕೊಂಡದಂಥ ಊರಿನಲ್ಲಿ ನೀರಿನ ಟ್ಯಾಂಕಿನ ಕಂಬವೊಂದನ್ನು ಊಹಿಸಿಕೊಳ್ಳಿ. ದಪ್ಪ 300 ಮಿ.ಮೀ. ಕಟ್ಟಿದಾಗ ಸ್ಪಂದವೇಗ 4.2 ಇತ್ತು, ದಾಟಲು 71.4 ಮೈಕ್ರೊಸೆಕೆಂಡು. ಎಷ್ಟೋ ವರ್ಷಗಳ ಮೇಲೆ ಎರಡೂ ಮುಖಗಳಲ್ಲಿ 25 ಮಿ.ಮೀ. ಹೊರಪದರ ಕೆಟ್ಟು, ಅಲ್ಲಿ ವೇಗ 3.0ಕ್ಕೆ ಇಳಿದಿದೆ ಎನ್ನಿ. ಕೆಟ್ಟ 50 ಮಿ.ಮೀ. ದಾಟಲು 16.7, ಒಳಗಿನ 250 ಮಿ.ಮೀ.ಗೆ 59.5, ಒಟ್ಟು 76.2 ಮೈಕ್ರೊಸೆಕೆಂಡು. ಸರಾಸರಿ ವೇಗ 3.94. ಪಟ್ಟಿಯ ಪ್ರಕಾರ ಕಂಬ ಈಗಲೂ 'ಉತ್ತಮ'! ಆದರೆ ಒಳಗಿನ ಕಬ್ಬಿಣದ ಸರಳನ್ನು ಕಾಯುವುದು ಆ ಕೆಟ್ಟ ಹೊರಪದರವೇ.

ಇನ್ನೊಂದು ತೊಡಕು ಇದಕ್ಕಿಂತ ಸೂಕ್ಷ್ಮವಾದದ್ದು. ಸ್ಪಂದವೇಗ ಹೇಳುವುದು ಸ್ಥಿತಿಸ್ಥಾಪಕತೆ ಮತ್ತು ಸಾಂದ್ರತೆಗಳ ಕತೆ; ರಸಾಯನ ಅದಕ್ಕೆ ನೇರವಾಗಿ ಕಾಣದು. ಗಾಳಿಯ ಇಂಗಾಲದ ಡೈಆಕ್ಸೈಡ್ ಸಿಮೆಂಟಿನ ಕ್ಯಾಲ್ಸಿಯಂ ಹೈಡ್ರಾಕ್ಸೈಡಿನೊಡನೆ ವರ್ತಿಸಿ ಕ್ಯಾಲ್ಸಿಯಂ ಕಾರ್ಬೊನೇಟ್ ಆಗುತ್ತದೆ. ಅದು ರಂಧ್ರಗಳನ್ನು ತುಂಬುವುದರಿಂದ ವೇಗ ತುಸು ಏರಲೂಬಹುದು. ಅದೇ ವೇಳೆಗೆ 12.5ರ ಆಸುಪಾಸಿನಲ್ಲಿದ್ದ ಪಿ.ಎಚ್. 9ಕ್ಕೂ ಕೆಳಗಿಳಿದು, ಸರಳಿನ ಮೇಲಿನ ರಕ್ಷಣಾ ಪೊರೆ ಕರಗುತ್ತದೆ. ಸಲ್ಫೇಟ್ ದಾಳಿಯಲ್ಲೂ ಹೀಗೆಯೇ: ಎಟ್ರಿಂಜೈಟ್ ಹರಳುಗಳು ಮೊದಲು ರಂಧ್ರ ತುಂಬಿ, ಆಮೇಲೆ ಹಿಗ್ಗಿ ಬಿರುಕು ಬಿಡಿಸುತ್ತವೆ. ಬಿರುಕು ಮೂಡಿದ ಮೇಲೆಯೇ ವೇಗ ಕುಸಿಯುವುದು. ಕ್ಲೋರೈಡಂತೂ ತುಕ್ಕು ಕಾಂಕ್ರೀಟನ್ನು ಸೀಳುವವರೆಗೆ ಸದ್ದಿಲ್ಲದೆ ಇರುತ್ತದೆ. ಇದರ ಜೊತೆಗೆ ತೇವ. ರಂಧ್ರದಲ್ಲಿ ಗಾಳಿಯ ಬದಲು ನೀರಿದ್ದರೆ ವೇಗ ಹೆಚ್ಚುತ್ತದೆ. ಏಪ್ರಿಲ್‌ನ ಅಳತೆಯನ್ನು ಆಗಸ್ಟಿನದಕ್ಕೆ ಹೋಲಿಸಿದರೆ ಅರ್ಥವೇನು?

ಮಾನಕಕ್ಕೆ ಅನ್ಯಾಯ ಮಾಡಬಾರದು. ಕಾಲಕ್ರಮದಲ್ಲಿ ಕಾಂಕ್ರೀಟಿನೊಳಗೆ ಆಗುವ ಬದಲಾವಣೆ ಗುರುತಿಸುವುದೂ ಪರೀಕ್ಷೆಯ ಉದ್ದೇಶವೆಂದು ಅದೇ ಹೇಳಿತ್ತು; ದರ್ಜೆಪಟ್ಟಿಯನ್ನು ಕೊಟ್ಟದ್ದು ಮುಖ್ಯವಾಗಿ ಕೆಲಸದ ಗುಣಮಟ್ಟ ತಿಳಿಯಲು. ಓದಿದವರು ಪಟ್ಟಿಯನ್ನಷ್ಟೇ ಉಳಿಸಿಕೊಂಡರು. 2018ರಲ್ಲಿ ಐ.ಎಸ್. 516 (ಭಾಗ 5, ವಿಭಾಗ 1) ಅದರ ಸ್ಥಾನಕ್ಕೆ ಬಂತು, ಆದರೂ ವೇಗಕ್ಕೆ ದರ್ಜೆ ಹಚ್ಚುವ ಕ್ರಮ ಬಿಡಲಿಲ್ಲ. ಮೇಲಿನ ಕಂಬದಲ್ಲಿ ದರ್ಜೆ ಬದಲಾಗಲಿಲ್ಲ, ಆದರೆ ವೇಗ ಶೇ. 6ರಷ್ಟು ಇಳಿದಿತ್ತು. ಆ ಇಳಿಕೆ ಕಾಣಬೇಕಾದರೆ ಹೊಸದಾಗಿದ್ದಾಗಿನ ಅಳತೆ ಕೈಯಲ್ಲಿರಬೇಕು. ಗುರುತು ಹಾಕಿದ ಅದೇ ಜಾಗದಲ್ಲಿ, ಅದೇ ಋತುವಿನಲ್ಲಿ ಮತ್ತೆ ಅಳೆಯಬೇಕು.

ಶಿಕ್ಷಕರೇ, ಶ್ರವಣಾತೀತ ಯಂತ್ರ ನಿಮ್ಮಲ್ಲಿ ಇರಲಾರದು. ಫಿನಾಲ್ಫ್ತಲೀನ್ ಇದ್ದೇ ಇರುತ್ತದೆ. ಕೆಡವಿದ ಹಳೆಯ ಕಟ್ಟಡದ ಕಾಂಕ್ರೀಟ್ ತುಂಡೊಂದನ್ನು ಆಗತಾನೆ ಒಡೆದು, ಧೂಳು ಒರೆಸಿ, ಮದ್ಯಸಾರದಲ್ಲಿ ಕರಗಿಸಿದ ಶೇ. 1ರ ದ್ರಾವಣ ಹನಿಸಿ. ಕ್ಷಾರ ಉಳಿದ ಒಳಭಾಗ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಬಣ್ಣ ಬಾರದ ಹೊರಪದರ ಎಷ್ಟು ಮಿ.ಮೀ. ಎಂದು ಮಕ್ಕಳೇ ಸ್ಕೇಲಿನಿಂದ ಅಳೆಯಲಿ.