ಜಾತ್ರೆ ಡ್ಯೂಟಿ, ಕೊಲೆ ಕೇಸು

ಬಂದೋಬಸ್ತ್ ನೋಡೋ ಖಾಕಿ ಪೊಲೀಸರೂ ಅಪರಾಧ ತನಿಖೆ ಮಾಡೋರೂ ಒಂದೇ ಆಗಿರಬೇಕಾ, ಬೇರೆ ಇರಬೇಕಾ? ‘ಒಂದೇ ಇರಲಿ’ ಅನ್ನೋರ ವಾದ ಇಷ್ಟು: ಬೀಟ್ ಪೊಲೀಸಿಗೆ ಊರು ಗೊತ್ತಿರುತ್ತೆ, ಹೊರಗಿಂದ ಬಂದವನಿಗೆ ಏನು ಗೊತ್ತು?

ಇದನ್ನ ಸುಮ್ಮನೆ ತಳ್ಳಿಹಾಕೋಕಾಗಲ್ಲ. 2018ರ ಡಿಸೆಂಬರ್ 14ರಂದು ಹನೂರು ಕಡೆಯ ಸುಳ್ವಾಡಿಯಲ್ಲಿ ಕಿಚ್ಚುಗುತ್ತಿ ಮಾರಮ್ಮನ ಪ್ರಸಾದ ತಿಂದು 17 ಜನ ಸತ್ತರು. ಪ್ರಸಾದದಲ್ಲಿದ್ದದ್ದು ಕೀಟನಾಶಕ ಅಂತ ಪ್ರಯೋಗಾಲಯ ಹೇಳುತ್ತೆ. ದೇವಸ್ಥಾನದ ಆಡಳಿತಕ್ಕಾಗಿ ಒಳಗೊಳಗೇ ಜಗಳ ಇತ್ತು ಅನ್ನೋದು ಊರು ಬಲ್ಲವರಿಗೇ ಬೇಗ ಹೊಳೆಯೋದು. ಆ ಜಗಳವೇ ಕಾರಣ ಅಂತ ಪೊಲೀಸರು ವಾರದೊಳಗೆ ನಾಲ್ವರನ್ನು ಬಂಧಿಸಿದರು.

ಸರಿ, ಈಗ ಅದೇ ತಾಲ್ಲೂಕಿನ ಇಂಡಿಗನತ್ತಕ್ಕೆ ಬನ್ನಿ. 2024ರ ಏಪ್ರಿಲ್ 26, ಲೋಕಸಭಾ ಚುನಾವಣೆ. ಮೂಲಸೌಕರ್ಯ ಕೊಡದಿದ್ರೆ ಓಟಿಲ್ಲ ಅಂದಿದ್ರು ಜನ. ಮತದಾನ ನಡೆಸೋಕೆ ಹೋದಾಗ ಗಲಾಟೆಯಾಗಿ ಮತಗಟ್ಟೆಯೇ ಧ್ವಂಸವಾಯ್ತು. ಬಂಧನಕ್ಕೆ ಹೆದರಿ ಜನ ಊರು ಬಿಟ್ಟರು. 29ಕ್ಕೆ ಮರುಮತದಾನ. ಇಲ್ಲಿ ಗಲಭೆ ತಡೆಯಬೇಕಾಗಿದ್ದೂ ಪೊಲೀಸರೇ, ಕೇಸ್ ಡೈರಿ ಬರೆಯೋರೂ ಪೊಲೀಸರೇ. ಬಂದೋಬಸ್ತ್ ಎಲ್ಲಿ ಸೋತಿತು ಅನ್ನೋದನ್ನ ಆ ಡೈರಿಯಲ್ಲಿ ಯಾರು ಬರೀತಾರೆ? ‘ಊರು ಗೊತ್ತು’ ಅನ್ನೋ ವಾದ ಈ ಪ್ರಶ್ನೆಯ ಹತ್ತಿರಾನೂ ಸುಳಿಯಲ್ಲ.

ಎರಡನ್ನೂ ಬೇರೆ ಮಾಡಿ ಅಂತ ಸುಪ್ರೀಂ ಕೋರ್ಟು ಪ್ರಕಾಶ್ ಸಿಂಗ್ ತೀರ್ಪಿನಲ್ಲಿ ಹೇಳಿದ್ದು 2006ರ ಸೆಪ್ಟೆಂಬರ್ 22ರಂದು. ಆದ್ರೆ ಮೊದಲು 10 ಲಕ್ಷ ಜನಸಂಖ್ಯೆಯ ನಗರಗಳಲ್ಲಿ, ಆಮೇಲೆ ನಿಧಾನಕ್ಕೆ ಚಿಕ್ಕ ಊರುಗಳಲ್ಲಿ. 2011ರ ಜನಗಣತಿಯಲ್ಲಿ ಕೊಳ್ಳೇಗಾಲ ಪಟ್ಟಣ 60 ಸಾವಿರವನ್ನೂ ಮುಟ್ಟಿರಲಿಲ್ಲ. ಯಳಂದೂರು ಇನ್ನೂ ಎಷ್ಟೋ ಚಿಕ್ಕದು. ಈ ಕ್ಯೂನಲ್ಲಿ ಇವರ ನಂಬರ್ ಯಾವಾಗ ಬರುತ್ತೆ ಸ್ವಾಮಿ? ಸಿಐಡಿ ಇದೆಯಲ್ಲ ಅಂತೀರಾ? ಯಳಂದೂರಿನ ಮನೆಗಳ್ಳತನಕ್ಕೆ ಸಿಐಡಿ ಬರಲ್ಲ.

ಇನ್ನು ಕೆಲಸದ ಲೆಕ್ಕ ನೋಡಿ. ಕೊಲೆ ಕೇಸಿನ ಆರೋಪಿ ಜೈಲಲ್ಲಿದ್ರೆ 90 ದಿನದೊಳಗೆ ಚಾರ್ಜ್‌ಶೀಟ್ ಹಾಕಬೇಕು, ಇಲ್ಲಾಂದ್ರೆ ಜಾಮೀನು ಅವನ ಹಕ್ಕು. ಈ ಗಡಿಯಾರ ಮಲೆ ಮಹದೇಶ್ವರ ಬೆಟ್ಟದ ಶಿವರಾತ್ರಿ ಜಾತ್ರೆಗೆ ನಿಲ್ಲಲ್ಲ, ಬಿಳಿಗಿರಿರಂಗನ ತೇರಿಗೂ ನಿಲ್ಲಲ್ಲ. 2025ರ ಏಪ್ರಿಲ್ 24ರಂದು ಸಚಿವ ಸಂಪುಟ ಸಭೆನೂ ಬೆಟ್ಟದಲ್ಲೇ ನಡೀತು. ಅಂಥ ದಿನ ಸಾಕ್ಷಿಯ ಹೇಳಿಕೆ ಬರ್ಕೊಳ್ಳೋಕೆ ಯಾರಿಗೆ ಪುರುಸೊತ್ತು?

ಮೂರೂ ತಾಲ್ಲೂಕಿಗೆ ಸೇರಿ ಒಂದು ಚಿಕ್ಕ ತನಿಖಾ ತಂಡ ಕೊಳ್ಳೇಗಾಲದಲ್ಲಿ ಇರಲಿ. ಬೀಟ್ ಪೊಲೀಸ್ ಊರಿನ ಸುದ್ದಿ ಕೊಡಲಿ, ಸಂತೋಷ. ಬಂದೋಬಸ್ತ್‌ನಲ್ಲೇ ಗಲಾಟೆಯಾದ ಕೇಸಿನ ಕಡತ ಮಾತ್ರ ಅದೇ ಠಾಣೆಯ ಬೀರುವಿನಲ್ಲಿ ಇರೋದು ಬೇಡ. ತಂಡದವರನ್ನ ಜಾತ್ರೆ ಡ್ಯೂಟಿಗೂ ಕರೀಬೇಡಿ.