ಶಾಲಾಸಮಿತಿಗಳ ಅಧಿಕಾರವಿಚಾರ

ಊರಿನ ಶಾಲೆಯ ಆಡಳಿತದಲ್ಲಿ ಊರವರಿಗೆ ಪಾಲು ಕೊಟ್ಟರೆ ಮಕ್ಕಳ ಕಲಿಕೆ ತಾನಾಗಿ ಹೆಚ್ಚುವುದೆಂಬ ನಂಬಿಕೆಯಿಂದ ಸರಕಾರಗಳೂ ಧನಸಹಾಯ ಮಾಡುವ ಸಂಸ್ಥೆಗಳೂ ಬಹುದ್ರವ್ಯವನ್ನು ವ್ಯಯಮಾಡಿವೆ. ಈ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಿದ ಬರಹಗಳಲ್ಲಿ ಅಭಿಜಿತ್ ಬ್ಯಾನರ್ಜಿ, ರುಕ್ಮಿಣಿ ಬ್ಯಾನರ್ಜಿ, ಎಸ್ತರ್ ಡುಫ್ಲೋ, ರೇಚಲ್ ಗ್ಲೆನರ್ಸ್ಟರ್, ಸ್ತುತಿ ಖೇಮಾನಿ ಎಂಬ ಐವರು 2010ರಲ್ಲಿ ಪ್ರಕಟಿಸಿದ ಪ್ರಬಂಧವು ವಿಮರ್ಶಾರ್ಹವಾದುದು.

ಉತ್ತರಪ್ರದೇಶದ ಜೌನ್‌ಪುರ ಜಿಲ್ಲೆಯ 280 ಗ್ರಾಮಗಳು ಇದರ ಕ್ಷೇತ್ರ, ಕಾಲ 2005–06. ಗ್ರಾಮ ಶಿಕ್ಷಣ ಸಮಿತಿಯೆಂಬುದು ಅಲ್ಲಿ ಮೊದಲೇ ಇದ್ದಿತು, ಆದರೆ ಹೆಸರಿಗೆ ಮಾತ್ರ. ಸದಸ್ಯರಲ್ಲಿ ಸುಮಾರು ನಾಲ್ವರಲ್ಲೊಬ್ಬರಿಗೆ ತಾವು ಸದಸ್ಯರೆಂಬುದೇ ತಿಳಿದಿರಲಿಲ್ಲವಂತೆ! ಚೀಟಿಯೆತ್ತಿದ ರೀತಿಯಲ್ಲಿ ಗ್ರಾಮಗಳನ್ನು ನಾಲ್ಕು ವರ್ಗಮಾಡಿ, ಒಂದರಲ್ಲಿ ಸಭೆ ಕೂಡಿಸಿ ಸಮಿತಿಯ ಹಕ್ಕುಬಾಧ್ಯತೆಗಳನ್ನು ತಿಳಿಸಿದರು. ಇನ್ನೊಂದರಲ್ಲಿ ಅದರೊಡನೆ ಮಕ್ಕಳ ಓದನ್ನು ಪರೀಕ್ಷಿಸುವ ಕ್ರಮವನ್ನೂ ಕಲಿಸಿದರು. ಮೂರನೆಯದರಲ್ಲಿ ಇವೆರಡರ ಮೇಲೆ, ಓದು ಕಲಿಸುವ ವಿಧಾನದಲ್ಲಿ ಊರಿನ ಸ್ವಯಂಸೇವಕರನ್ನು ತರಬೇತುಗೊಳಿಸಿದರು. ನಾಲ್ಕನೆಯದನ್ನು ಇದ್ದಂತೆಯೇ ಬಿಟ್ಟರು. ನಮ್ಮ ಶಾಸ್ತ್ರಕಾರರ ಅನ್ವಯವ್ಯತಿರೇಕನ್ಯಾಯವೇ ಇದು. ವ್ಯತಿರೇಕವನ್ನು ನೋಡದೆ ಕಾರ್ಯಕಾರಣಭಾವವನ್ನು ಸಾರುವ ವರದಿಗಳು ಕಾಕತಾಳೀಯವನ್ನು ಸಿದ್ಧಾಂತವೆಂದು ಭ್ರಮಿಸುತ್ತವೆ. ಆ ದೋಷ ಇಲ್ಲಿಲ್ಲ.

ಫಲವೇನಾಯಿತು? ಸಭೆಗಳಿಂದ ಸಮಿತಿ ಚುರುಕಾಗಲಿಲ್ಲ. ಉಪಾಧ್ಯಾಯರ ನಡವಳಿಕೆಯೂ ಬದಲಾಗಲಿಲ್ಲ. ಸ್ವಯಂಸೇವಕರು ನಡೆಸಿದ ಶಿಬಿರಗಳಿಗೆ ಬಂದ ಮಕ್ಕಳು ಮಾತ್ರ ಓದಿನಲ್ಲಿ ಮುಂದುವರಿದರು; ಬಂದವರಾದರೋ ಸ್ವಲ್ಪಮಂದಿ. ಈ ಏಳಿಗೆ ಶಾಲೆಯ ಹೊರಗೆ ಆದುದು, ಸಮಿತಿಯ ದ್ವಾರಾ ಆದುದಲ್ಲ. ಇದನ್ನು ಆಡಳಿತಸುಧಾರಣೆಗೆ ಸಾಧಕವೆಂದು ಎತ್ತಿಹೇಳುವವರ ವಾದದಲ್ಲಿ ಹೇತುವೊಂದೆಡೆ, ಸಾಧ್ಯವೊಂದೆಡೆ, ವೈಯಧಿಕರಣ್ಯ ಸ್ಪಷ್ಟ. ಹಾಗೆಂದು, ಊರವರ ಪಾಲುಗಾರಿಕೆಯ ಅಪಾಯಗಳನ್ನೇ ಎತ್ತಿಹಿಡಿಯುವ ಪ್ರಬಂಧದ ಶಿರೋನಾಮೆಯೂ ಪೂರ್ಣವಾಗಿ ಒಪ್ಪತಕ್ಕುದಲ್ಲ. ಶಿಬಿರ ನಡೆಸಿದವರೂ ಊರವರೇ ಅಲ್ಲವೆ?

ಒಂದು ವರ್ಷದ ಅವಧಿ ಸಾಲದೆಂಬ ಆಕ್ಷೇಪ ಬರಬಹುದು. ಆದರೆ ಆಫ್ರಿಕದ ಗ್ಯಾಂಬಿಯಾದಲ್ಲಿ ಶಾಲೆಗಳಿಗೆ ಧನವನ್ನೂ, ಮುಖ್ಯೋಪಾಧ್ಯಾಯರು, ಉಪಾಧ್ಯಾಯರು, ಊರ ಪ್ರತಿನಿಧಿಗಳು ಇವರಿಗೆ ಆಡಳಿತದ ತರಬೇತಿಯನ್ನೂ ಕೊಟ್ಟು ಹಲವು ವರ್ಷ ಕಾದು ನೋಡಿದ ಪರೀಕ್ಷೆಯೊಂದು 2015ರಲ್ಲಿ ಪ್ರಕಟವಾಯಿತು. ವಿದ್ಯಾರ್ಥಿಗಳ ಗೈರುಹಾಜರಿ ಶೇಕಡ 21ರಷ್ಟು, ಉಪಾಧ್ಯಾಯರದು ಶೇಕಡ 23ರಷ್ಟು ತಗ್ಗಿತು. ಕಲಿಕೆಯ ಅಂಕಗಳು ಮಾತ್ರ ಒಟ್ಟಿನಲ್ಲಿ ಏರಲಿಲ್ಲ. ವಯಸ್ಕರಲ್ಲಿ ಅಕ್ಷರಸ್ಥರು ಹೆಚ್ಚಾಗಿದ್ದ ಊರುಗಳಲ್ಲಷ್ಟೇ ಲಾಭದ ಸುಳಿವು ಕಂಡಿತು.

ಈ ಕಡೆಯ ಸಂಗತಿಯೇ ವಿಚಾರಕ್ಕೆ ತಿರುಳು. ಮೀಮಾಂಸಕರು ಕರ್ಮಾಧಿಕಾರಕ್ಕೆ ಅರ್ಥಿತ್ವ, ಸಾಮರ್ಥ್ಯ, ವಿದ್ವತ್ತೆ ಮೂರನ್ನೂ ಬೇಡುತ್ತಾರೆ. ಯೋಜನೆಗಳಾದರೋ ಅಧಿಕಾರವೆಂದರೆ ಹಕ್ಕೆಂದಷ್ಟೇ ಬಗೆದು, ಓದುಬಾರದ ತಂದೆಯ ಕೈಗೆ ಮಗನ ಓದನ್ನು ತೂಗುವ ತಕ್ಕಡಿಯನ್ನಿತ್ತಿವೆ. 2009ರ ಶಿಕ್ಷಣದ ಹಕ್ಕಿನ ಶಾಸನವು ಶಾಲಾ ನಿರ್ವಹಣ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಸ್ಥಾನಗಳನ್ನು ತಂದೆತಾಯಿಗಳಿಗೆ ಮತ್ತು ಪೋಷಕರಿಗೆ ಮೀಸಲಿಟ್ಟಿದೆ. ಅದರಲ್ಲಿ ಅರ್ಧ ಸ್ತ್ರೀಯರದಾಗಬೇಕೆಂದೂ ವಿಧಿಸಿದೆ. ವಿಧಿ ಉತ್ತಮವೇ. ಅಧಿಕಾರಿಯನ್ನು ಸಿದ್ಧಪಡಿಸುವ ಭಾರ ಯಾರದೆಂಬುದನ್ನು ಮುಂದಿನ ಪರೀಕ್ಷಕರು ವಿಚಾರಿಸಬೇಕಾಗಿದೆ.