ನಾಸ್ತಿಕತೆಯೂ ಮತವಾಗಬಲ್ಲುದೇ? : ಸೋವಿಯತ್ ಅನುಭವದ ಹಿನ್ನೆಲೆಯಲ್ಲಿ ಒಂದು ವಿವೇಚನೆ

ಕನ್ನಡದಲ್ಲಿ ‘ಮತ’ ಎಂಬ ಶಬ್ದಕ್ಕೆ ಅಭಿಪ್ರಾಯವೆಂಬ ಅರ್ಥವೂ ಉಂಟು. ಒಂದು ಶ್ರದ್ಧೆಯನ್ನು ಅನುಸರಿಸುವ ಸಮುದಾಯದ ಆಚಾರವಿಚಾರಗಳ ವ್ಯವಸ್ಥೆಯೆಂಬ ಅರ್ಥವೂ ಉಂಟು. ಮೊದಲನೆಯ ಅರ್ಥದ ಮತವು ಎರಡನೆಯ ಅರ್ಥದ ಮತವಾಗಿ ಮಾರ್ಪಡುವುದು ಯಾವಾಗ ಎಂಬುದೇ ಲೌಕಿಕ ಸಿದ್ಧಾಂತಗಳನ್ನು ಕುರಿತ ಚರ್ಚೆಯ ಮೂಲಪ್ರಶ್ನೆ. ‘ನಾಸ್ತಿಕತೆಯೂ ಒಂದು ಧರ್ಮವೇ’ ಎಂಬ ಮಾತನ್ನು ಆಸ್ತಿಕರು ಎದುರಾಳಿಯ ಬಾಯಿ ಮುಚ್ಚಿಸಲು ಆಡುತ್ತಾರೆ. ನಾಸ್ತಿಕರು ಅದನ್ನು ಅವಮಾನವೆಂದು ತಳ್ಳಿಹಾಕುತ್ತಾರೆ. ಇದರಿಂದಾಗಿ ಆ ಮಾತಿನಲ್ಲಿರುವ ಸತ್ಯಾಂಶವೆಷ್ಟು ಎಂಬುದು ಪರಿಶೀಲನೆಗೆ ಒಳಗಾಗದೆ ಉಳಿದುಬಿಡುತ್ತದೆ.

ದೇವರಿಲ್ಲದೆ ಧರ್ಮವಿರಲಾರದೆಂಬ ಆಕ್ಷೇಪ ಭಾರತೀಯ ಸಂದರ್ಭದಲ್ಲಿ ನಿಲ್ಲುವುದಿಲ್ಲ. ಜೈನ ಬೌದ್ಧರನ್ನು ವೈದಿಕರು ನಾಸ್ತಿಕರೆಂದು ಕರೆದದ್ದು ವೇದಪ್ರಾಮಾಣ್ಯವನ್ನು ಒಪ್ಪದ ಕಾರಣಕ್ಕೆ. ಒಂಬತ್ತನೆಯ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿದ್ದ ಜಿನಸೇನಾಚಾರ್ಯರು ಸಂಸ್ಕೃತ ‘ಮಹಾಪುರಾಣ’ದಲ್ಲಿ ಸೃಷ್ಟಿಕರ್ತನೆಂಬ ಕಲ್ಪನೆಯನ್ನು ತರ್ಕಬದ್ಧವಾಗಿ ನಿರಾಕರಿಸಿದ್ದಾರೆ. ಆದರೂ ಜೈನವು ಧರ್ಮವಲ್ಲವೆಂದು ಯಾರೂ ಹೇಳರು. ಫ್ರೆಂಚ್ ಸಮಾಜಶಾಸ್ತ್ರಜ್ಞ ಎಮಿಲ್ ದುರ್ಖೀಮ್ 1912ರಲ್ಲಿ ಧರ್ಮವನ್ನು ದೇವರ ಮೂಲಕ ವಿವರಿಸದೆ, ಪವಿತ್ರವೆಂದು ಬೇರ್ಪಡಿಸಿದ ವಸ್ತುಗಳು ಮತ್ತು ಅವುಗಳ ಸುತ್ತ ಒಂದುಗೂಡುವ ಸಮುದಾಯದ ಮೂಲಕ ವಿವರಿಸಿದನು. ಫ್ರಾನ್ಸಿನ ಕ್ರಾಂತಿಕಾರರು 1793ರ ನವೆಂಬರಿನಲ್ಲಿ ಪ್ಯಾರಿಸ್ಸಿನ ನೋಟರ್‌ಡಾಂ ಇಗರ್ಜಿಯಲ್ಲಿ ವಿವೇಕದ ಉತ್ಸವವನ್ನು ನಡೆಸಿದಂಥ ಘಟನೆಗಳನ್ನು ಈ ವಿವರಣೆ ತನ್ನೊಳಗೆ ಸೇರಿಸಿಕೊಳ್ಳುತ್ತದೆ. ‘ರಾಜಕೀಯ ಧರ್ಮ’ ಎಂಬ ಎರಿಕ್ ಫೋಗೆಲಿನ್‌ನ 1938ರ ಪರಿಕಲ್ಪನೆಯೂ ‘ಲೌಕಿಕ ಧರ್ಮ’ ಎಂಬ ರೇಮೋ ಆರೋನ್‌ನ 1944ರ ಪರಿಕಲ್ಪನೆಯೂ ಈ ಬಗೆಯ ಚಿಂತನೆಯ ಮುಂದುವರಿಕೆಗಳು.

ಇವುಗಳನ್ನು ಒರೆಗೆ ಹಚ್ಚಲು ರಷ್ಯಾದ ಅನುಭವ ಅತ್ಯಂತ ಸಮೃದ್ಧವಾದ ನಿದರ್ಶನ. ಅಲ್ಲಿ ಈ ಪ್ರಶ್ನೆ ಕ್ರಾಂತಿಗೆ ಮೊದಲೇ ಸಾಹಿತ್ಯದಲ್ಲಿ ತಲೆಯೆತ್ತಿತ್ತು. ಲುನಚಾರ್ಸ್ಕಿ ‘ಧರ್ಮ ಮತ್ತು ಸಮಾಜವಾದ’ ಎಂಬ ಎರಡು ಸಂಪುಟಗಳ ಕೃತಿಯಲ್ಲಿ ಸಮಾಜವಾದಕ್ಕೆ ಧಾರ್ಮಿಕ ಭಾವಾವೇಶ ಅಗತ್ಯವೆಂದು ವಾದಿಸಿದನು. ಗಾರ್ಕಿಯ ‘ತಪ್ಪೊಪ್ಪಿಗೆ’ (1908) ಎಂಬ ಕಾದಂಬರಿಯಲ್ಲಿ ದೇವರನ್ನು ಅರಸಿ ಅಲೆಯುವ ಮಾತ್ವೇಯ್, ಕೊನೆಗೆ ಜನಸಮೂಹದ ಸಂಕಲ್ಪಶಕ್ತಿಯಿಂದ ನಡೆಯಲಾರದ ಹುಡುಗಿಯೊಬ್ಬಳು ಎದ್ದು ನಡೆದುದನ್ನು ಕಾಣುತ್ತಾನೆ. ಇಲ್ಲಿ ಗಾರ್ಕಿ ಪವಾಡವನ್ನು ನಿರಾಕರಿಸಿಲ್ಲ. ಅದರ ಕರ್ತೃವನ್ನು ಮಾತ್ರ ಬದಲಿಸಿದ್ದಾನೆ. ದೇವರ ಸ್ಥಾನಕ್ಕೆ ಜನತೆ ಬಂದಿದೆ, ಸ್ಥಾನ ಹಾಗೆಯೇ ಉಳಿದಿದೆ. ‘ದೇವನಿರ್ಮಾಣ’ವೆಂದು ಹೆಸರಾದ ಈ ಪ್ರವೃತ್ತಿಯ ಅಪಾಯವನ್ನು ಗುರುತಿಸಿದವನು ಲೆನಿನ್. ದೇವರನ್ನು ಹುಡುಕುವುದಕ್ಕೂ ದೇವರನ್ನು ಕಟ್ಟುವುದಕ್ಕೂ ಹೇಳಿಕೊಳ್ಳುವಂಥ ಭೇದವಿಲ್ಲವೆಂದು ಅವನು 1913ರಲ್ಲಿ ಗಾರ್ಕಿಗೆ ಕಟುವಾಗಿ ಬರೆದನು.

ಇತಿಹಾಸದ ವ್ಯಂಗ್ಯವೆಂದರೆ, ಹಾಗೆ ಬರೆದವನ ದೇಹವೇ ಮುಂದೆ ಪೂಜ್ಯವಸ್ತುವಾಯಿತು. 1918ರಿಂದ 1920ರವರೆಗೆ ಬೋಲ್ಶೆವಿಕ್ ಸರ್ಕಾರ ಸಂತರ ಅವಶೇಷಗಳ ಪೆಟ್ಟಿಗೆಗಳನ್ನು ತೆರೆಸಿ, ಅವರ ದೇಹ ಕೊಳೆಯದೆಂಬ ಜನರ ನಂಬಿಕೆಯನ್ನು ಹುಸಿಗೊಳಿಸಲು ಯತ್ನಿಸಿತ್ತು. 1924ರ ಜನವರಿ 21ರಂದು ಲೆನಿನ್ ತೀರಿಕೊಂಡಾಗ ಅದೇ ಸರ್ಕಾರ ಅವನ ದೇಹವನ್ನು ಕೊಳೆಯದಂತೆ ಸಂಸ್ಕರಿಸಿ ಕೆಂಪು ಚೌಕದಲ್ಲಿ ದರ್ಶನಕ್ಕೆ ಇರಿಸಿತು. ಪತಿಯ ಹೆಸರಿನಲ್ಲಿ ಸ್ಮಾರಕಗಳನ್ನು ಕಟ್ಟದೆ ಶಿಶುವಿಹಾರ, ಶಾಲೆಗಳನ್ನು ಕಟ್ಟಬೇಕೆಂದು ಕ್ರುಪ್‌ಸ್ಕಾಯಾ ಅದೇ ತಿಂಗಳು ‘ಪ್ರಾವ್ದಾ’ದಲ್ಲಿ ಮಾಡಿಕೊಂಡ ಮನವಿಗೆ ಬೆಲೆ ಸಿಗಲಿಲ್ಲ. ರಷ್ಯನ್ ಮನೆಗಳಲ್ಲಿ ಪವಿತ್ರಚಿತ್ರಗಳನ್ನಿಡುವ ಮೂಲೆಗೆ ಸುಂದರ ಎಂಬ ಅರ್ಥವೂ ಕೆಂಪು ಎಂಬ ಅರ್ಥವೂ ಇರುವ ‘ಕ್ರಾಸ್ನಿ’ ಎಂಬ ವಿಶೇಷಣವಿತ್ತು. ಕಾರ್ಖಾನೆ, ಶಾಲೆಗಳಲ್ಲಿ ಲೆನಿನ್ನನ ಚಿತ್ರವಿದ್ದ ‘ಕೆಂಪು ಮೂಲೆ’ಗಳು ಆ ಹೆಸರನ್ನೇ ವಹಿಸಿಕೊಂಡವು. ದೀಕ್ಷಾಸ್ನಾನಕ್ಕೆ ಬದಲಾಗಿ ಅಕ್ಟೋಬರ್ ಕ್ರಾಂತಿಯ ಹೆಸರಿನ ನಾಮಕರಣ ವಿಧಿ ಬಂತು. ಮಕ್ಕಳಿಗೆ ವ್ಲಾದ್ಲೆನ್, ನಿನೆಲ್ ಎಂಬ ಹೆಸರುಗಳು ಬಂದವು. 1925ರಲ್ಲಿ ನಿರೀಶ್ವರವಾದಿಗಳ ಸಂಘ ಸ್ಥಾಪಿತವಾಯಿತು. 1931ರ ಡಿಸೆಂಬರಿನಲ್ಲಿ ಮಾಸ್ಕೋದ ರಕ್ಷಕ ಕ್ರಿಸ್ತನ ಮಹಾದೇವಾಲಯವನ್ನು ಸ್ಫೋಟಿಸಲಾಯಿತು. ಪವಿತ್ರವಸ್ತು, ಗ್ರಂಥಪ್ರಾಮಾಣ್ಯ, ವಿಧಿ, ಬಹಿಷ್ಕಾರ ಇವೆಲ್ಲವೂ ಇಲ್ಲಿ ಇವೆ. ದುರ್ಖೀಮನ ಅಳತೆಗೋಲಿನಿಂದ ಇದನ್ನು ಧರ್ಮವಲ್ಲವೆನ್ನುವುದು ಕಷ್ಟ.

ಆದರೆ ವಿವೇಚನೆ ಇಲ್ಲಿಗೇ ನಿಂತರೆ ಮುಖ್ಯ ಸಂಗತಿಯೊಂದು ಕೈತಪ್ಪುತ್ತದೆ. 1937ರ ಜನವರಿಯ ಜನಗಣತಿಯಲ್ಲಿ ಶ್ರದ್ಧೆಯನ್ನು ಕುರಿತ ಪ್ರಶ್ನೆಯೂ ಇತ್ತು. ಎರಡು ದಶಕಗಳ ಪ್ರಚಾರದ ಅನಂತರ, ಭಯದ ವಾತಾವರಣದ ನಡುವೆಯೂ, 16 ವರ್ಷ ಮೇಲ್ಪಟ್ಟವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ತಾವು ಆಸ್ತಿಕರೆಂದು ಬರೆಸಿದರು. ಆ ಗಣತಿಯನ್ನೇ ಸರ್ಕಾರ ರದ್ದುಗೊಳಿಸಿತು. ಅದನ್ನು ನಡೆಸಿದ ಅಧಿಕಾರಿಗಳು ಬಂಧನಕ್ಕೊಳಗಾದರು. ಇದರ ಅರ್ಥವೇನು? ಧರ್ಮದ ಕಾರ್ಯಗಳು ಎರಡು ಬಗೆಯವು. ಒಂದು, ಅಧಿಕಾರವನ್ನು ಪವಿತ್ರಗೊಳಿಸಿ ಆಜ್ಞೆಗೆ ಬಲ ಕೊಡುವುದು. ಇನ್ನೊಂದು, ಮಗುವನ್ನು ಕಳೆದುಕೊಂಡ ತಾಯಿಗೆ, ಮರಣಶಯ್ಯೆಯಲ್ಲಿರುವ ಮುದುಕನಿಗೆ ಆಡಲು ಒಂದು ಮಾತನ್ನೂ ಅಳಲು ಒಂದು ಕ್ರಮವನ್ನೂ ಒದಗಿಸುವುದು. ಸೋವಿಯತ್ ಸಿದ್ಧಾಂತ ಮೊದಲನೆಯದನ್ನು ಪೂರ್ಣವಾಗಿ ಅನುಕರಿಸಿತು. ಎರಡನೆಯದು ಅದಕ್ಕೆ ದಕ್ಕಲಿಲ್ಲ. ಇತಿಹಾಸದ ನಿಯಮ ವರ್ಗಕ್ಕೆ ಭವಿಷ್ಯವನ್ನು ವಾಗ್ದಾನ ಮಾಡಬಲ್ಲುದು, ಒಬ್ಬ ವ್ಯಕ್ತಿಯ ಸಾವಿಗೆ ಉತ್ತರ ಹೇಳಲಾರದು. ಆದುದರಿಂದ ‘ಧರ್ಮದಂತೆ’ ಎಂಬ ಹೋಲಿಕೆ ನಿಜವಾದರೂ ಅರ್ಧ ನಿಜ. ಆ ಅರ್ಧವೂ ಧರ್ಮದ ಉತ್ತಮಾಂಶದ್ದಲ್ಲ.

ಇನ್ನು, ಇದರ ಹೊಣೆ ನಾಸ್ತಿಕತೆಯದೇ ಎಂಬುದು ಉಳಿದ ಪ್ರಶ್ನೆ. ಕನ್ನಡದಲ್ಲಿ ಎ.ಎನ್. ಮೂರ್ತಿರಾಯರ ‘ದೇವರು’ (1991) ಕೃತಿಯನ್ನು ಇದರ ಎದುರಿಗಿಟ್ಟು ನೋಡಬಹುದು. ತೊಂಬತ್ತರ ಹರೆಯದ ಲೇಖಕರು ಅಲ್ಲಿ ನಿರೀಶ್ವರವಾದವನ್ನು ಮಂಡಿಸಿದ್ದಾರೆ. ಆದರೆ ಅದರ ಸುತ್ತ ಮಠವಿಲ್ಲ, ವಿಧಿಯಿಲ್ಲ, ಒಪ್ಪದವನಿಗೆ ದಂಡವಿಲ್ಲ. ಓದುಗ ಒಪ್ಪದೆ ಪುಸ್ತಕವನ್ನು ಮುಚ್ಚಿಡಬಹುದು. ಇದು ಮೊದಲನೆಯ ಅರ್ಥದ ಮತ. ಸೋವಿಯತ್ ನಾಸ್ತಿಕತೆ ಎರಡನೆಯ ಅರ್ಥದ ಮತವಾದದ್ದು ದೇವರನ್ನು ನಿರಾಕರಿಸಿದ್ದರಿಂದಲ್ಲ, ತನ್ನನ್ನು ನಿರಾಕರಿಸುವ ಹಕ್ಕನ್ನು ಯಾರಿಗೂ ಉಳಿಸದೆ ಇದ್ದುದರಿಂದ.

ಹೀಗಾಗಿ ಒಂದು ಸಿದ್ಧಾಂತದಲ್ಲಿ ದೇವರಿದ್ದಾನೆಯೇ ಇಲ್ಲವೇ ಎಂಬುದಕ್ಕಿಂತ, ಅದನ್ನು ಒಪ್ಪದವನು ಅದರ ನೆರಳಿನಲ್ಲಿ ನಿರ್ಭಯವಾಗಿ ಬದುಕಬಲ್ಲನೇ ಎಂಬುದೇ ಹೆಚ್ಚು ವಿಶ್ವಾಸಾರ್ಹವಾದ ಒರೆಗಲ್ಲು. ಸ್ಫೋಟಗೊಂಡ ಮಹಾದೇವಾಲಯ ಮತ್ತೆ ನಿರ್ಮಾಣಗೊಂಡು 2000ದಲ್ಲಿ ಪ್ರತಿಷ್ಠಾಪಿತವಾಯಿತು. ಅದೇ ಒರೆಗಲ್ಲು ಆ ದೇವಾಲಯಕ್ಕೂ ಅನ್ವಯಿಸುತ್ತದೆ.